ಅಕ್ಕನ ಪಾಲಿನ ಗುಳಿಗೆ

ಒಂದೂ ಸುಳ್ಳು ಹೇಳದೆ ಮೋಸ ಮಾಡಬಹುದು ಎಂಬುದನ್ನು ನಾನು ಕಲಿತದ್ದು ಪ್ರಯೋಗಾಲಯದಲ್ಲಿ. ಕಲಿಸಿದ್ದು ಕವಳಿ ಹಣ್ಣು.

ಕವಳಿ ಗೊತ್ತಲ್ಲ? ಬೇಸಿಗೆ ಬಂತೆಂದರೆ ಗುಡ್ಡದ ಕಡೆಯ ಹೆಂಗಸರು ಬುಟ್ಟಿಯಲ್ಲಿ ಹೊತ್ತು ತಂದು, ಧಾರವಾಡದ ಸಂತೆಯಲ್ಲಿ ಎಲೆಯ ಮೇಲೆ ಸುರಿದು ಮಾರುವ ಕಪ್ಪು ಹಣ್ಣು. ಕಾಯಿದ್ದಾಗ ಉಪ್ಪಿನಕಾಯಿಗೆ ಬೇಕು, ಹಣ್ಣಾದರೆ ತುಟಿಗೆಲ್ಲ ಅಂಟು. ಮೈತುಂಬ ಮುಳ್ಳಿರುವ ಗಿಡವಾದ್ದರಿಂದ ಹೊಲದ ಬೇಲಿಗೆ ಲಾಯಕ್ಕು ಎನ್ನುವುದು ಬಿಟ್ಟರೆ ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನಮ್ಮವರ ಹಳೆಯ ಚಾಳಿ. ಡಾ. ಕಡಕೋಳ ಒಬ್ಬರೇ ಹದಿನಾಲ್ಕು ವರ್ಷ ಆ ಬೇಲಿಗಿಡದ ಬೆನ್ನು ಹತ್ತಿದ್ದರು. ಕಾಯಿ ಹಸಿರು ಬಿಟ್ಟು ಗುಲಾಬಿ ಬಣ್ಣಕ್ಕೆ ತಿರುಗುವ ನಾಲ್ಕೈದು ದಿನ ಮಾತ್ರ ಅದರ ಸಿಪ್ಪೆಯಲ್ಲಿ ಒಂದು ವಸ್ತು ಹುಟ್ಟುತ್ತದೆ, ಹಣ್ಣು ಕಪ್ಪಾಗುವಷ್ಟರಲ್ಲಿ ಮಾಯವಾಗುತ್ತದೆ ಎಂದು ಕಂಡುಹಿಡಿದವರು ಅವರು. ನಮ್ಮ ಕಡತಗಳಲ್ಲಿ ಅದರ ಹೆಸರು ಕ-೧೭.

ಬೆರಳುಗಳನ್ನು ಸೊಟ್ಟ ಮಾಡುವ ಸಂಧಿವಾತವೆಂದರೆ ಬೇಲಿಯೇ ಎದ್ದು ಹೊಲ ಮೇಯುವ ಕಥೆ. ಹೊರಗಿನ ರೋಗಾಣುಗಳ ಮೇಲೆ ಬೀಳಬೇಕಾದ ಮೈಯ ಕಾವಲು ಕಣಗಳು ಕೀಲಿನ ಒಳಪದರವನ್ನೇ ವೈರಿಯೆಂದು ಬಗೆದು ಮುತ್ತಿಗೆ ಹಾಕುತ್ತವೆ. ಕೀಲು ಬಿಸಿಯಾಗುತ್ತದೆ, ಬಾತುಕೊಳ್ಳುತ್ತದೆ, ಕೊನೆಗೆ ಬಿಗಿದುಕೊಂಡು ಹಾಗೆಯೇ ಉಳಿಯುತ್ತದೆ. ಆವರೆಗೆ ಇದ್ದ ಔಷಧಿಗಳು ಕಾವಲುಗಾರನನ್ನೇ ಮಂಪರಿಗೆ ಕೆಡಹುತ್ತಿದ್ದವು, ಹಾಗಾಗಿ ರೋಗಿ ನೆಗಡಿಗೂ ಹೆದರಬೇಕಾಗಿತ್ತು. ಕ-೧೭ರ ರೀತಿಯೇ ಬೇರೆ. ಕಾವಲುಗಾರ ಎಚ್ಚರವಾಗಿಯೇ ಇರುತ್ತಾನೆ, ಆದರೆ ಕೀಲು ತನ್ನ ಮನೆಯದೇ ಎಂದು ಅವನಿಗೆ ಗುರುತು ಸಿಗುತ್ತದೆ. ಇಲಿಗಳಲ್ಲಿ ಹೀಗೇ ಆಗಿತ್ತು. ಮನುಷ್ಯರಲ್ಲಿ ಆದೀತೇ ಎಂದು ನೋಡುವುದು ಬಾಕಿ ಇತ್ತು.

ಅದಕ್ಕೆ ಡಾ. ಕಡಕೋಳ ಆರಿಸಿದ್ದು ನಮ್ಮ ಓಣಿಯ ಕಸೂತಿ ಸಂಘವನ್ನು. ಇಪ್ಪತ್ತನಾಲ್ಕು ಹೆಂಗಸರು, ಎಲ್ಲರದೂ ಒಂದೇ ಕೆಲಸ, ಒಂದೇ ಜೋಳದ ರೊಟ್ಟಿ, ಒಂದೇ ನಳದ ನೀರು. ಎಲ್ಲರ ಬೆರಳಿಗೂ ಒಂದೇ ರೋಗ. ‘ಇಂಥಾ ಗುಂಪು ಸಿಗೂದಂದ್ರ ಪುಣ್ಯ ಬೇಕು, ಮಹಾನಂದಾ’ ಎಂದು ಅವರು ಅಂದದ್ದು ನನಗೆ ನೆನಪಿದೆ. ಆ ಗುಂಪನ್ನು ತೋರಿಸಿಕೊಟ್ಟವಳು ನಾನೇ.

ಪ್ರತಿಯೊಬ್ಬರ ನಡುಬೆರಳಿಗೂ ಒಂದು ಉಂಗುರ ತೊಡಿಸಿದೆವು. ಕೀಲಿನ ಬಿಸಿ ಎಷ್ಟು, ಬಾವು ಎಷ್ಟು ಎಂದು ಅದು ತಾಸಿಗೊಮ್ಮೆ ಅಳೆದು ನಮ್ಮ ಕೋಣೆಗೆ ಕಳಿಸುತ್ತಿತ್ತು. ಅಲ್ಲಿನ ಗೋಡೆಯ ಮೇಲೆ ಇಪ್ಪತ್ತನಾಲ್ಕು ಚುಕ್ಕೆಗಳು. ಉರಿಯುವ ಕೀಲು ಕೆಂಪು, ಆರಿದರೆ ಹಳದಿ, ವಾಸಿಯಾದರೆ ಹಸಿರು. ದಿನಕ್ಕೆ ಎರಡು ಗುಳಿಗೆಯಂತೆ ಹದಿನಾರು ವಾರ. ಹನ್ನೆರಡು ಮಂದಿಗೆ ಕವಳಿಯ ಗುಳಿಗೆ, ಹನ್ನೆರಡು ಮಂದಿಗೆ ನೋಡಲು ಹಾಗೆಯೇ ಇರುವ ಬರೀ ಸೀಮೆಸುಣ್ಣ. ಯಾರಿಗೆ ಯಾವುದು ಎಂದು ತೆಗೆದುಕೊಳ್ಳುವವರಿಗೂ ಗೊತ್ತಿರಬಾರದು, ನೋಡುವ ವೈದ್ಯರಿಗೂ ಗೊತ್ತಿರಬಾರದು. ಗೊತ್ತಿದ್ದರೆ ಮನಸ್ಸೇ ಅರ್ಧ ಗುಣಪಡಿಸಿಬಿಡುತ್ತದೆ, ಔಷಧಿಯ ಗುಣ ತಿಳಿಯುವುದಿಲ್ಲ. ಆ ಗುಟ್ಟಿನ ಪಟ್ಟಿ ಒಬ್ಬರ ಹತ್ತಿರ ಮಾತ್ರ ಇರಬೇಕು. ಅದು ನನ್ನ ಹತ್ತಿರ ಇತ್ತು.

ಪಟ್ಟಿ ಇಟ್ಟುಕೊಂಡವರ ಹತ್ತಿರದವರು ಯಾರೂ ಪ್ರಯೋಗದಲ್ಲಿ ಇರಕೂಡದು ಎಂಬ ನಿಯಮವೂ ಇತ್ತು. ಆ ಇಪ್ಪತ್ತನಾಲ್ಕು ಮಂದಿಯಲ್ಲಿ ನನ್ನ ಒಡಹುಟ್ಟಿದ ಅಕ್ಕ ನೀಲಾಂಬಿಕಾಳೂ ಇದ್ದಳು. ನಮ್ಮ ನೀಲಕ್ಕ ಮದುವೆಯಾದ ಆರನೆಯ ವರ್ಷಕ್ಕೆ ಗಂಡನನ್ನು ಬಿಟ್ಟು ಬಂದವಳು, ಅವನ ಅಡ್ಡಹೆಸರನ್ನು ಮಾತ್ರ ಬಿಟ್ಟಿರಲಿಲ್ಲ. ಹೆಸರುಗಳು ಬೇರೆ ಬೇರೆ ಇದ್ದವು, ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವ್ವ ಸತ್ತಾಗ ನನಗೆ ಒಂಬತ್ತು ವರ್ಷ. ಆಮೇಲೆ ನಾನು ಉಂಡದ್ದು, ಉಟ್ಟದ್ದು, ಎಂ.ಎಸ್ಸಿ. ಓದಿದ್ದು ಎಲ್ಲವೂ ಅಕ್ಕನ ಸೂಜಿಯಿಂದ. ಈಗ ಆ ಬೆರಳುಗಳು ಸೂಜಿ ಹಿಡಿಯುವುದಿರಲಿ, ತನ್ನ ಜಡೆ ತಾನು ಹೆಣೆದುಕೊಳ್ಳಲೂ ಬಾರದಂತಾಗಿದ್ದವು. ಇಂಥ ಔಷಧಿ ನನ್ನ ಕೈಯಳತೆಯಲ್ಲಿರುವಾಗ ಅವಳನ್ನು ಹೊರಗಿಡುವುದು ನನ್ನಿಂದ ಆಗಲಿಲ್ಲ.

ಒಪ್ಪಿಗೆ ಪತ್ರವನ್ನು ನಾನೇ ಸಂಘದ ಪಡಸಾಲೆಯಲ್ಲಿ ಕೂತು ಎಲ್ಲರಿಗೂ ಓದಿ ಹೇಳಿದೆ. ಎಂಟು ಪುಟ. ‘ಅರ್ಧದಷ್ಟು ಅಭ್ಯರ್ಥಿಗಳಿಗೆ ಔಷಧಾಂಶರಹಿತ ಗುಳಿಗೆ ನೀಡಲಾಗುವುದು’ ಎಂಬ ಸಾಲಿಗೆ ಬರುವಷ್ಟರಲ್ಲಿ ಚಹಾ ಬಂತು. ಬಸಿ, ಕಪ್ಪುಗಳ ಸದ್ದಿನ ನಡುವೆ ಆ ಸಾಲನ್ನು ಓದಿ ಮುಗಿಸಿದೆ. ಯಾರಿಗೂ ತಿಳಿದಿಲ್ಲ ಎಂಬುದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಬಿಡಿಸಿ ಹೇಳಿದ್ದರೆ ಅರ್ಧ ಮಂದಿ ಎದ್ದು ಹೋಗುತ್ತಿದ್ದರು. ನಾನು ಮುಂದಿನ ಪುಟ ತಿರುವಿದೆ.

ಮರುದಿನ ಕಂಪ್ಯೂಟರ್ ಚೀಟಿ ಎತ್ತಿತು. ನೀಲಾಂಬಿಕಾ ಎಂಬ ಹೆಸರು ಸೀಮೆಸುಣ್ಣದ ಕಡೆಗೆ ಬಿತ್ತು.

ಒಂದು ಸಾಲು ತಿದ್ದಿದ್ದರೆ ಸಾಕಾಗುತ್ತಿತ್ತು. ನನ್ನ ಹೊರತು ಆ ಪಟ್ಟಿ ನೋಡುವವರು ಯಾರೂ ಇರಲಿಲ್ಲ. ಬಹಳ ಹೊತ್ತು ಪರದೆಯ ಮುಂದೆ ಕೂತಿದ್ದೆ. ತಿದ್ದಲಿಲ್ಲ. ವಿಜ್ಞಾನಕ್ಕೆ ದ್ರೋಹ ಮಾಡಲಿಲ್ಲವೆಂದು ಅವತ್ತು ನನ್ನ ಬಗ್ಗೆ ನನಗೆ ಹೆಮ್ಮೆಯಾಯಿತು ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ. ಮನೆಗೆ ಮಾರಿ, ಊರಿಗೆ ಉಪಕಾರಿ.

ಅಂದಿನಿಂದ ದಿನಾ ಮುಂಜಾನೆ ಅಕ್ಕ ಅಡುಗೆಮನೆಯಲ್ಲಿ ನಿಂತು ಸುಣ್ಣದ ಗುಳಿಗೆ ನುಂಗುವುದನ್ನು ನೋಡಿದೆ. ನುಂಗಿ, ಎರಡೂ ಕೈ ಮುಂದೆ ಚಾಚಿ, ‘ಇವತ್ತ ಒಂಚೂರು ಹಗರಾಗೇದ, ಅಲ್ಲೇನ ನಂದಾ?’ ಎಂದು ಕೇಳುತ್ತಿದ್ದಳು. ಬಾವು ಹಾಗೆಯೇ ಇರುತ್ತಿತ್ತು. ನಾನು ಚಹಾ ಕುಡಿಯುತ್ತ ‘ಹೂಂ’ ಅನ್ನುತ್ತಿದ್ದೆ.

ಗೋಡೆಯ ಮೇಲೆ ಮಾತ್ರ ಹಬ್ಬ. ಮೂರನೆಯ ವಾರ ಮುಗಿಯುವಷ್ಟರಲ್ಲಿ ಹನ್ನೆರಡು ಚುಕ್ಕೆ ಹಳದಿಗೆ ತಿರುಗಿದ್ದವು, ಅವುಗಳಲ್ಲಿ ಎರಡು ಹಸಿರಿಗೂ ಹೊರಳಿದ್ದವು. ಉಳಿದ ಹನ್ನೆರಡು ಕೆಂಪಾಗಿಯೇ ಉರಿಯುತ್ತಿದ್ದವು. ಯಾವ ಹನ್ನೆರಡು ಎಂಬುದು ನನಗೊಬ್ಬಳಿಗೇ ಗೊತ್ತು. ಡಾ. ಕಡಕೋಳರು ಗೋಡೆಯನ್ನೂ ನನ್ನ ಮುಖವನ್ನೂ ಒಂದಾದಮೇಲೊಂದು ನೋಡುತ್ತಿದ್ದರು. ಪಾಪ, ಏನೂ ಕೇಳುವಂತಿರಲಿಲ್ಲ. ಅವರ ಕಣ್ಣು ತಪ್ಪಿಸಿ ನಾನು ಹೊರಗಿನ ಪಾವಟಿಗೆಯ ಮೇಲೆ ಕೂತು ಒಬ್ಬಳೇ ನಕ್ಕಿದ್ದೆ. ಗೆದ್ದಿದ್ದೆವು. ಪ್ರಯೋಗ ಮುಗಿದು ಔಷಧಿ ಪಾಸಾದರೆ ಎಲ್ಲರಿಗೂ ಸಿಗುತ್ತದೆ, ಅಕ್ಕನಿಗೂ ಸಿಗುತ್ತದೆ. ಹದಿಮೂರು ವಾರ ತಡೆದರಾಯಿತು ಎಂದುಕೊಂಡೆ.

ಐದನೆಯ ವಾರದಿಂದ ಗೋಡೆ ಕೆಟ್ಟಿತು. ಹಸಿರು ಬಂದಿದ್ದ ಚುಕ್ಕೆಗಳು ಹಿಂದಕ್ಕೆ ಹಳದಿಗೆ ಬಂದವು. ಕೆಂಪಾಗಿದ್ದವುಗಳೂ ಒಂದೊಂದಾಗಿ ಹಳದಿಗೆ ಇಳಿದವು. ಹತ್ತನೆಯ ವಾರದ ಹೊತ್ತಿಗೆ ಇಪ್ಪತ್ತನಾಲ್ಕೂ ಒಂದೇ ಬಣ್ಣ. ಮನೆಯಲ್ಲಿ ಅಕ್ಕ ತನ್ನ ಜಡೆ ತಾನೇ ಹೆಣೆದುಕೊಳ್ಳುತ್ತಿದ್ದಳು. ಸುಣ್ಣ ನುಂಗಿದವಳ ಬೆರಳು ಬಿಚ್ಚಿಕೊಳ್ಳುತ್ತಿದೆ ಎಂದರೆ ಅದು ಬರೀ ನಂಬಿಕೆಯ ಮಹಿಮೆ, ಕವಳಿಯದಲ್ಲ. ಅವಳು ಜಡೆಯ ತುದಿಗೆ ರಿಬ್ಬನ್ ಕಟ್ಟಿಕೊಳ್ಳುವುದನ್ನು ನೋಡಿ ನಾನು ಸಂತೋಷಪಡಬೇಕಾಗಿತ್ತು. ಆಗಲಿಲ್ಲ.

ಹದಿನಾರನೆಯ ವಾರ ಪಟ್ಟಿ ಒಡೆದು ಓದಿದಾಗ ಎರಡೂ ಗುಂಪುಗಳ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಡಾ. ಕಡಕೋಳ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಸುಣ್ಣಕ್ಕೂ ಇದಕ್ಕೂ ಫರಕೇ ಇಲ್ಲಂದ್ರ ಇನ್ನೇನದ. ಹದಿನಾಲ್ಕು ವರ್ಷ ಆತು. ಮುಚ್ಚಿಬಿಡೂಣು’ ಎಂದರು.

‘ರಕ್ತದ ಕಾರ್ಡು ಇನ್ನೂ ನೋಡಿಲ್ರಿ ಸರ್’ ಎಂದೆ. ವಾರಕ್ಕೊಮ್ಮೆ ಬೆರಳು ಚುಚ್ಚಿ ಕಾಗದದ ಮೇಲೆ ಒತ್ತಿಸಿಕೊಂಡ ಹನಿಗಳು ಅವು. ನೋಡಲೇಬೇಕೆಂದೇನೂ ಇರಲಿಲ್ಲ. ಮುಚ್ಚುವ ಮುಂಚೆ ಒಂದು ಶಾಸ್ತ್ರ ಮುಗಿಸಿದಂತೆ ಯಂತ್ರಕ್ಕೆ ಹಾಕಿದೆ.

ನಾಲ್ಕನೆಯ ವಾರದಿಂದ ಇಪ್ಪತ್ತನಾಲ್ಕೂ ಮಂದಿಯ ರಕ್ತದಲ್ಲಿ ಕ-೧೭ ಇತ್ತು. ಅಕ್ಕನ ರಕ್ತದಲ್ಲಿಯೂ ಇತ್ತು.

ಯಾರಿಗೂ ಹೇಳದೆ ನೇರ ಸಂಘಕ್ಕೆ ಹೋದೆ. ಮಧ್ಯಾಹ್ನ ಮೂರು ಗಂಟೆ. ಪಡಸಾಲೆಯಲ್ಲಿ ಅಕ್ಕನೂ, ಪಕ್ಕದ ಮನೆಯ ಹುಸೇನಬಿಯೂ ಒಂದೇ ಇಳಕಲ್ ಸೀರೆಯ ಎರಡು ತುದಿ ಹಿಡಿದು ಹೊಲಿಯುತ್ತಿದ್ದರು. ಹುಸೇನಬಿ ಅಕ್ಕನ ಜೊತೆ ಇಪ್ಪತ್ತು ವರ್ಷದಿಂದ ಸೂಜಿ ಹಿಡಿದವಳು, ಪಟ್ಟಿಯಲ್ಲಿ ಕವಳಿಯ ಕಡೆಯವಳು. ಇಬ್ಬರ ನಡುವೆ ನೂಲಿನ ಬುಟ್ಟಿ. ಅದರ ಪಕ್ಕದಲ್ಲಿ ಒಂದು ಸ್ಟೀಲಿನ ಡಬ್ಬಿ. ಮುಚ್ಚಳ ತೆಗೆದೆ. ತುಂಬ ನಮ್ಮ ಗುಳಿಗೆಗಳು.

‘ಇದೇನಿದು ಅಕ್ಕಾ?’

‘ಗುಳಿಗಿ’ ಎಂದಳು ಅಕ್ಕ, ಸೂಜಿಯಿಂದ ಕಣ್ಣೆತ್ತದೆ. ‘ಐತವಾರಕ್ಕೊಮ್ಮೆ ಎಲ್ಲಾರೂ ತಮ್ಮ ತಮ್ಮ ಪಾಕೀಟು ಇದರಾಗ ಸುರೀತೀವಿ. ಕಲಸಿ, ಹದಿನಾಕು ಹದಿನಾಕು ಹಂಚಕೋತೀವಿ. ಪಾಕೀಟಿನಾಗ ಒಂದೆರಡು ಹೆಚ್ಚಿಗಿ ಇರತಾವಲ್ಲ, ಅವು ಇದರಾಗs ಉಳದಾವ.’

ಈ ಸಂಘದ ಪದ್ಧತಿ ನನಗೆ ಗೊತ್ತಿರಲಿಲ್ಲವೇ? ಚಿಕ್ಕಂದಿನಿಂದ ನೋಡಿದ್ದೆ. ನೂಲು ಬಂದರೆ ಯಾರ ಪಾಲನ್ನೂ ನೇರ ಅವರ ಕೈಗೆ ಕೊಡುವುದಿಲ್ಲ. ಒಂದು ಕಟ್ಟಿನ ಬಣ್ಣ ಗಟ್ಟಿ ಇರುತ್ತದೆ, ಇನ್ನೊಂದರದು ನೀರಿಗೆ ಬಿಡುತ್ತದೆ. ಒಬ್ಬಳ ಸೀರೆ ಪೂರ್ತಿ ಕೆಡಬಾರದೆಂದು ಎಲ್ಲ ಕಟ್ಟುಗಳನ್ನೂ ಬಿಚ್ಚಿ ಒಂದೇ ಬುಟ್ಟಿಗೆ ಹಾಕಿ, ಬೆರೆಸಿ ಹಂಚಿಕೊಳ್ಳುತ್ತಾರೆ. ಒಳ್ಳೆಯದಾದರೂ ಎಲ್ಲರಿಗೂ ಸ್ವಲ್ಪ, ಕೆಟ್ಟದ್ದಾದರೂ ಎಲ್ಲರಿಗೂ ಸ್ವಲ್ಪ. ಆ ಓಣಿಯಲ್ಲಿ ಹುಟ್ಟಿ ಬೆಳೆದ ನಾನು ಗುಳಿಗೆಗಳನ್ನು ಹೆಸರು ಬರೆದ ಪಾಕೀಟಿನಲ್ಲಿ ಕೊಟ್ಟು, ಹಾಗೆಯೇ ಉಳಿಯುತ್ತವೆ ಎಂದು ನಂಬಿದ್ದೆ.

‘ನಾನs ಸುರು ಮಾಡಿದ್ದು, ನಂದಾ’ ಎಂದಳು ಹುಸೇನಬಿ. ‘ಮೂರು ವಾರಕ್ಕ ನನ್ನ ಕೈಬಟ್ಟು ಬಿಚ್ಚಿದೂವು. ನೀಲಕ್ಕಂದು ನೋಡಿದೆ, ಹಂಗ ಅದಾವ. ರಾತ್ರಿ ತನ್ನ ಕೈ ತಾನ, ಮಂಡಿಗಿ ಮುರದೀತಂತ ಹಿಡದಂಗ, ಹಿಡಕೊಂಡು ಕೂಡತಾಳ. ಈಕಿ ಪಾಕೀಟಿಗೆ ಸಪ್ಪನ್ನ ಗುಳಿಗಿ ಬಂದಾವ ಅಂತ ನನಗ ಅನಸ್ತು. ಮತ್ತ ನನ್ನ ಕಡೆ ಗಟ್ಟಿಯಾವು ಇಟಗೊಂಡು ನಾ ಒಬ್ಬಾಕಿನs ಹೆಂಗ ನುಂಗಲಿ?’

ನನಗೆ ಸಿಟ್ಟು ತಡೆಯಲಿಲ್ಲ. ನಂಬಿ ಕೊಟ್ಟಿದ್ದೆ, ವಾರವಾರ ಬಂದು ‘ನಿಮ್ಮ ನಿಮ್ಮ ಗುಳಿಗೆ ನುಂಗಿದಿರೇನ್ರಿ’ ಎಂದು ಕೇಳಿದ್ದೆ, ಎಲ್ಲರೂ ತಲೆಯಾಡಿಸಿದ್ದರು. ಇಪ್ಪತ್ತನಾಲ್ಕು ಮಂದಿ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದ್ದರು, ಅದರಲ್ಲಿ ನನ್ನ ಒಡಹುಟ್ಟಿದವಳೂ ಒಬ್ಬಳು.

‘ನೀವು ಏನ ಮಾಡೀರಂತ ಗೊತ್ತೈತೇನು? ಹದಿನಾಲ್ಕು ವರ್ಷದ ಕೆಲಸ ಹಾಳಾತು. ಕೆಲವೊಂದು ಪಾಕೀಟು ಬರೇ ಸುಣ್ಣದ್ದs ಇರಬೇಕಾಗಿತ್ತು ಅಕ್ಕಾ. ಹನ್ನೆರಡು ಮಂದೀದು ಖರೇ, ಹನ್ನೆರಡು ಮಂದೀದು ಸುಣ್ಣ. ಅದನ್ನ ಹೋಲಿಸಿ ನೋಡೂದs ಪ್ರಯೋಗ.’

ಅಂದುಬಿಟ್ಟ ಮೇಲೆ ಏನು ಅಂದೆನೆಂದು ನನಗೆ ತಿಳಿಯಿತು. ಹುಸೇನಬಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಅಕ್ಕ ಗವಂತಿ ಹೊಲಿಗೆಯ ಒಂದು ಸಾಲು ಪೂರ್ತಿ ಮುಗಿಸಿದಳು. ಆಮೇಲೆ ಕೇಳಿದಳು.

‘ನಂದು ಯಾವುದಿತ್ತು?’

ನಾನು ಡಬ್ಬಿಯ ಮುಚ್ಚಳ ಹಾಕಿದೆ.

‘ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನು.’

‘ಸುಣ್ಣದ್ದು’ ಎಂದೆ.

‘ನಿನಗ ಯಾವಾಗ ತಿಳೀತು?’

‘ಮೊದಲನೇ ದಿನದಿಂದ ಗೊತ್ತಿತ್ತು.’

ಅವಳು ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ‘ದಿನಾ ಮುಂಜಾನೆ ಕೈ ತೋರಸ್ತಿದ್ದೆ ನಿನಗ’ ಎಂದಳು. ‘ಹಗರಾಗೇದೇನು ಅಂತ ಕೇಳತಿದ್ದೆ. ಹೂಂ ಅಂತಿದ್ದೆಲ್ಲ ನೀನು.’

ಕಾನೂನು ಹೇಳಿದೆ. ಗೊತ್ತಾದರೆ ಪ್ರಯೋಗ ಕೆಡುತ್ತದೆ, ಪ್ರಪಂಚದಲ್ಲೆಲ್ಲ ಹೀಗೇ ಮಾಡುತ್ತಾರೆ, ಒಪ್ಪಿಗೆ ಪತ್ರದಲ್ಲಿ ಓದಿ ಹೇಳಿದ್ದೇ ಇತ್ತು, ನೀವು ಸಹಿ ಮಾಡಿದ್ದಿರಿ ಎಂದೆಲ್ಲ ಹೇಳಿದೆ. ಎಲ್ಲವೂ ನಿಜವೇ ಆಗಿತ್ತು. ಹೇಳುತ್ತ ಹೋದಂತೆ ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು.

‘ಹುಸೇನಬಿ ಮೂರು ವಾರಕ್ಕ ಕಂಡುಹಿಡದಳು’ ಎಂದಳು ಅಕ್ಕ. ‘ಆಕಿ ಏನೂ ಓದಿಲ್ಲ.’

ಮರುದಿನ ಡಾ. ಕಡಕೋಳರಿಗೆ ಎಲ್ಲವನ್ನೂ ಹೇಳಿದೆ. ಔಷಧಿ ಸೋತಿಲ್ಲ, ಅರ್ಧ ಪ್ರಮಾಣದಲ್ಲಿಯೂ ಇಪ್ಪತ್ತನಾಲ್ಕು ಮಂದಿಯ ಉರಿಯೂತ ಇಳಿಸಿದೆ ಎಂದು ರಕ್ತದ ಲೆಕ್ಕ ಮುಂದಿಟ್ಟೆ. ಅವರ ಮುಖಕ್ಕೆ ಜೀವ ಬಂತು. ಆ ಜೀವದಲ್ಲಿ ನಮ್ಮ ಓಣಿಗೆ ಜಾಗ ಇರಲಿಲ್ಲ.

‘ಇದನ್ನು ಕೆಟ್ಟ ಪ್ರಯೋಗ ಅಂತ ಬರದು ಮುಗಸೂಣು. ಬ್ಯಾರೆ ಊರಾಗ, ಬ್ಯಾರೆ ಮಂದಿ ಹಿಡದು ಮತ್ತ ಮಾಡೂಣು. ಎರಡು ವರ್ಷ, ಭಾಳಂದ್ರ ಮೂರು’ ಎಂದರು.

‘ಈ ಹೆಣ್ಣುಮಕ್ಕಳಿಗೆ ಏನ್ರಿ ಸರ್?’

‘ನಿಯಮ ಮುರದವರನ್ನ ಮುಂದ ಯಾವದಕ್ಕೂ ತಗೊಳ್ಳಿಕ್ಕೆ ಬರೂದಿಲ್ಲ. ಉಳದ ಗುಳಿಗಿ ಎಲ್ಲಾ ವಾಪಸ್ ತಂದು ಭಟ್ಟಿಗೆ ಹಾಕ್ರಿ.’ ಬಾಗಿಲವರೆಗೆ ಹೋದವರು ತಿರುಗಿ ನಿಂತರು. ‘ಅಲ್ಲೆ ನಿಮ್ಮವರ ಪೈಕಿ ಯಾರೂ ಇಲ್ಲಲ್ಲ, ಮಹಾನಂದಾ?’

‘ಇಲ್ರಿ ಸರ್’ ಎಂದೆ. ಇದೊಂದು ಮಾತ್ರ ಹಸಿ ಸುಳ್ಳು. ಹೇಳುವಾಗ ನಾಲಿಗೆ ತಡವರಿಸಲೇ ಇಲ್ಲ.

ಡಬ್ಬಿ ತರಲು ನಾನೇ ಹೋಗಬೇಕಾಯಿತು. ಅಕ್ಕ ತಕರಾರು ಮಾಡದೆ ಎತ್ತಿ ಕೊಟ್ಟಳು. ಒಂದು ಗುಳಿಗೆಯನ್ನೂ ಅವರು ಮುಚ್ಚಿಟ್ಟುಕೊಂಡಿರಲಿಲ್ಲ ಎಂದು ಎಣಿಸಿದಾಗ ತಿಳಿಯಿತು. ಉಂಗುರಗಳನ್ನೂ ಬಿಚ್ಚಿಸಿಕೊಂಡು ಬಂದೆವು. ಆಮೇಲೆ ನಮ್ಮ ಗೋಡೆಗೆ ಆ ಬೆರಳುಗಳ ಸುದ್ದಿ ಬರುವುದು ನಿಂತಿತು. ನನಗೆ ಮಾತ್ರ ನಿಲ್ಲಲಿಲ್ಲ. ಒಂದೇ ಮನೆಯಲ್ಲಿ ಇದ್ದೆವಲ್ಲ. ಅಕ್ಕ ಅಡುಗೆ ಮಾಡಿ ನನ್ನ ಪಾಲನ್ನು ಮುಚ್ಚಿಟ್ಟು ತಾನು ಮೊದಲೇ ಉಂಡು ಬಿಡುತ್ತಿದ್ದಳು. ಮೂರನೆಯ ವಾರಕ್ಕೆ ರೊಟ್ಟಿ ಬಡಿಯುವ ಸದ್ದು ನಿಧಾನವಾಯಿತು. ಐದನೆಯ ವಾರಕ್ಕೆ ರೊಟ್ಟಿ ಹೋಗಿ ಅನ್ನ ಬಂತು. ಹುಸೇನಬಿ ಬಂದು ಅವಳ ಜಡೆ ಹಾಕಿ ಹೋಗತೊಡಗಿದಳು. ಹುಸೇನಬಿಯ ಬೆರಳುಗಳೂ ಹಿಂದಿನ ಹಾದಿಯನ್ನೇ ಹಿಡಿದಿದ್ದವು, ಆದರೂ ಅವಳೇ ಬರುತ್ತಿದ್ದಳು. ನಾನು ಬಾಚಣಿಗೆ ಹಿಡಿದು ನಿಂತರೆ ಅಕ್ಕ ‘ಇರಲಿ’ ಅನ್ನುತ್ತಿದ್ದಳು, ಅಷ್ಟೇ.

ಡಬ್ಬಿಯನ್ನು ನಾನು ಇನ್ನೂ ಭಟ್ಟಿಗೆ ಹಾಕಿರಲಿಲ್ಲ. ಕ-೧೭ಕ್ಕೆ ಒಂದು ಗುಣವಿದೆ. ನೀಲಿ ದೀಪದ ಕೆಳಗೆ ಹಿಡಿದರೆ ಮಸುಕಾಗಿ ನೇರಳೆ ಬಣ್ಣ ಹೊಮ್ಮಿಸುತ್ತದೆ, ಸುಣ್ಣ ಬೆಳ್ಳಗೇ ಉಳಿಯುತ್ತದೆ. ಊಟದ ವಿರಾಮದಲ್ಲಿ ಬಾಗಿಲು ಹಾಕಿಕೊಂಡು ಒಂದೊಂದನ್ನೇ ಚಿಮಟಿಯಿಂದ ಎತ್ತಿ ನೋಡಿದೆ. ಮೂವತ್ತೆರಡು ಸಿಕ್ಕವು. ಸುಣ್ಣದವನ್ನು ಭಟ್ಟಿಗೆ ಹಾಕಿ, ಎಲ್ಲವನ್ನೂ ಸುಟ್ಟೆನೆಂದು ಬರೆದು, ಮೂವತ್ತೆರಡನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದೆ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಜೈಲೂ ಆದೀತು. ಆದರೂ ದಾರಿಯುದ್ದಕ್ಕೂ ಮನಸ್ಸು ಹಗುರವಾಗಿತ್ತು. ಇಷ್ಟು ದಿನಕ್ಕೆ ಅಕ್ಕನ ಪಾಲಿನದು ಅಕ್ಕನಿಗೆ ಮುಟ್ಟುತ್ತದೆ ಎಂದುಕೊಂಡೆ. ಹದಿನಾರು ದಿನ ಪೂರ್ತಿ ಪ್ರಮಾಣದಲ್ಲಿ ತೆಗೆದುಕೊಂಡರೆ ಎರಡು ತಿಂಗಳಾದರೂ ಬೆರಳು ಬಿಗಿಯುವುದಿಲ್ಲ ಎಂದು ಇಲಿಗಳ ಲೆಕ್ಕ ಹೇಳುತ್ತಿತ್ತು. ಅದಕ್ಕಿಂತ ಕಡಿಮೆಯಾದರೆ ನಾಲ್ಕು ದಿನದ ಆರಾಮ, ಮತ್ತೆ ಮೊದಲಿನಂತೆಯೇ.

ಅಕ್ಕ ಮನೆಯ ಪಡಸಾಲೆಯಲ್ಲಿ ಕೂತಿದ್ದಳು. ಎದುರಿಗೆ ಪೊಟ್ಟಣ ಬಿಚ್ಚಿಟ್ಟೆ.

‘ಇವು ಖರೇವು ಅಕ್ಕಾ. ಎಲ್ಲಾನೂ ನಿನಗs. ದಿನಕ್ಕೆರಡರಂಗ ನುಂಗು.’

ಅವಳು ಗುಳಿಗೆಗಳನ್ನು ನೋಡಿದಳು. ಒಂದನ್ನು ಎತ್ತಲು ಹೋದಳು, ಬೆರಳುಗಳು ಕೂಡಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

‘ಖರೇ ಅದಾವಂತ ನಾ ಹೆಂಗ ನಂಬಲಿ, ನಂದಾ?’

ನೀಲಿ ದೀಪದ ಕಥೆ ಹೇಳಿದೆ. ನೇರಳೆ ಬಣ್ಣದ ಬಗ್ಗೆ, ಸುಣ್ಣದ ಬಗ್ಗೆ, ಒಂದೊಂದನ್ನೂ ಎರಡೆರಡು ಸಲ ನೋಡಿದ್ದರ ಬಗ್ಗೆ ಹೇಳಿದೆ. ಅಕ್ಕ ಕೊನೆಯವರೆಗೂ ಕೇಳಿಸಿಕೊಂಡಳು. ಒಪ್ಪಿಗೆ ಪತ್ರ ಓದಿದಾಗಲೂ ಹೀಗೆಯೇ ಕೇಳಿಸಿಕೊಂಡಿದ್ದಳು, ಎಂಟು ಪುಟ.

ಆಮೇಲೆ ಪಕ್ಕದ ಮನೆಯ ಗೋಡೆಯ ಕಡೆ ಮುಖ ಮಾಡಿ ಹುಸೇನಬಿಯನ್ನು ಕೂಗಿದಳು. ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹುಸೇನಬಿ ಬಂದಳು.

‘ಇವು ಖರೇವು ಅಂತಾಳ ಈಕಿ. ನೀ ನುಂಗಿ ನೋಡಿ ನನಗ ಹೇಳವಾ’ ಎಂದಳು ಅಕ್ಕ.

‘ಬಟ್ಟು ಹಗರಾಗೂದು ತಿಳೀಬೇಕಂದ್ರ ಎಂಟು ದಿನಾರೆ ಬೇಕಲ್ಲ ನೀಲಕ್ಕಾ.’

‘ಎಂಟು ದಿನ ಕಾಯತೀನಿ.’

‘ಅಕ್ಕಾ, ಎಂಟು ದಿನಕ್ಕ ಹದಿನಾರು ಹೋಗತಾವ’ ಎಂದೆ. ‘ಉಳದ ಹದಿನಾರರಾಗ ನಿನ್ನ ಕೈ ನೆಟ್ಟಗಾಗೂದಿಲ್ಲ. ಆಕೀದೂ ಆಗೂದಿಲ್ಲ. ಮತ್ತ ಎಲ್ಲೆ ತರಲಿ ನಾನು? ಇಷ್ಟs ಇರೂದು. ನನ್ನ ಮಾತು ಕೇಳು.’

‘ಹೋಗವಲ್ಲವ್ಯಾಕ, ಹೋದ್ರ ಹೋಗಲಿ’ ಎಂದಳು ಅಕ್ಕ. ನನ್ನ ಕಡೆ ನೋಡಲಿಲ್ಲ. ‘ಕೈ ನೆಟ್ಟಗಾಗದಿದ್ರ ಬಿಡಲಿ. ನೀ ಖರೇ ತಂದೀಯೋ ಇಲ್ಲೋ ಅನ್ನೂದಾದ್ರೂ ತಿಳೀತದಲ್ಲ.’

ಹುಸೇನಬಿ ನನ್ನನ್ನು ಏನೂ ಕೇಳಲಿಲ್ಲ. ಎರಡು ಗುಳಿಗೆ ಬಾಯಿಗೆ ಹಾಕಿಕೊಂಡು, ಅಕ್ಕನ ತಂಬಿಗೆಯಿಂದ ನೀರು ಕುಡಿದಳು.